ಮಾಳಿಗೆ ಮೇಲಿನ ವೈರು

ಆಳಂದದ ಹತ್ತಿರದ ಕಿಣ್ಣಿ ಸುಲ್ತಾನ ಊರಿನಲ್ಲಿ ಇಂಟರ್ನೆಟ್ ಅಂದರೆ ದೇವಿಂದ್ರಪ್ಪ, ದೇವಿಂದ್ರಪ್ಪ ಅಂದರೆ ಇಂಟರ್ನೆಟ್. ಟಿವಿ ಕೇಬಲ್ಲಿನ ಜೊತೆ ಅವನೊಬ್ಬನೇ ಮನೆಮನೆಗೆ ನೆಟ್ ಕೊಡುತ್ತಿದ್ದ. ಊರೊಳಗೆ ಮೊಬೈಲ್ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ಫರಹೀನಳ ಪಾಠ ದಿನವೂ ನಡುವೆಯೇ ಕಡಿದುಹೋಗುತ್ತಿತ್ತು. ಕೇಳಲು ಹೋದರೆ ದೇವಿಂದ್ರಪ್ಪ ನಕ್ಕ.

“ಬೇಕಂದ್ರ ಇಟ್ಕೋರಿ, ಇಲ್ಲಂದ್ರ ಬಿಡ್ರಿ. ಬ್ಯಾರೆ ಯಾರ ಅದಾರ ಈ ಊರಾಗ?”

ಆ ಮಾತು ಅವಳನ್ನು ಮಲಗಗೊಡಲಿಲ್ಲ. ಗಂಡ ಮುಸ್ತಕೀಮನನ್ನು ಒಪ್ಪಿಸಿ, ಪಾಠ ಬಿಟ್ಟು, ಆಳಂದದ ಸಣ್ಣ ಕಂಪನಿಯೊಂದರ ಏಜೆನ್ಸಿ ಹಿಡಿದು ಊರಿಗೆ ಎರಡನೇ ಲೈನು ತಂದಳು. ವಾರದೊಳಗೆ ಕಂಬದ ವೈರನ್ನು ಯಾರೋ ಕತ್ತರಿಸಿದರು. ಜೋಡಿಸಿದರೆ ಮತ್ತೆ ಕತ್ತರಿಸಿದರು. ಕಂಡೆ ಎನ್ನುವವರು ಒಬ್ಬರೂ ಇರಲಿಲ್ಲ.

ಫರಹೀನ ಪಕ್ಕದ ಮನೆಯ ಅನುರಾಧಾಳ ಬಳಿ ಹೋದಳು. “ಅಕ್ಕಾ, ಕಂಬದ ಗೊಡವಿನ ಬ್ಯಾಡ. ನಿಮ್ಮ ಮಾಳಗಿ ಮ್ಯಾಲಿಂದ ವೈರ್ ಒಯ್ಯಲೇನ್ರಿ?”

“ನಿನ್ನ ವೈರ್ ಹಾಯಿಸಿಕೊಂಡೋರ ಟಿವಿ ಬಂದ್ ಮಾಡ್ತೇನಿ ಅಂದಾನ ಅಂವ,” ಎಂದ ಅನುರಾಧಾ ಒಳಗೆ ಓದುತ್ತಿದ್ದ ಮಗಳ ಕಡೆ ನೋಡಿದಳು. “ಮಾಡ್ಲಿ ತಗೋ. ಮಗಳ ಕ್ಲಾಸ್ ನಡದ್ರ ಸಾಕು.”

ಅವಳನ್ನು ನೋಡಿ ಉಳಿದ ಹೆಂಗಸರೂ ಒಪ್ಪಿದರು. ಒಣಹಾಕಿದ ತೊಗರಿಯನ್ನು ದಾಟಿ, ಮಾಳಿಗೆಯಿಂದ ಮಾಳಿಗೆಗೆ ವೈರು ಓಣಿ ತುಂಬ ಹರಿಯಿತು. ಅದನ್ನು ಕತ್ತರಿಸಬೇಕಾದರೆ ಯಾರದ್ದಾದರೂ ಮನೆ ಹೊಗಬೇಕಿತ್ತು.

ಆಗ ದೇವಿಂದ್ರಪ್ಪ ದಾರಿ ಬದಲಿಸಿದ. ಹೊಸ ಮಶೀನು ತಂದ, ದರವನ್ನು ಅರ್ಧಕ್ಕಿಳಿಸಿದ, ಕರೆದ ತಕ್ಷಣ ರಿಪೇರಿಗೆ ಬರತೊಡಗಿದ. ಒಂದೊಂದೇ ಮನೆ ಅವನ ಕಡೆ ಹೊರಳಿತು. ಕೊನೆಗೆ ಅನುರಾಧಾಳೂ ಫರಹೀನ ಕೊಟ್ಟಿದ್ದ ನೆಟ್ಟಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

“ಮನ್ಯಾಗ ಕೇಳವಲ್ರು. ಸಿಟ್ಟಾಗಬ್ಯಾಡ, ಫರಹೀನ. ನೀ ಬಂದಿದ್ದಕ್ಕ ಅಂವ ಹಾದಿಗೆ ಬಂದ.”

ಫರಹೀನ ಡಬ್ಬಿ ಇಸಿದುಕೊಂಡಳು. ಬೈಯಬೇಕೆನಿಸಿತು, ಬೈಯಲು ಕಾರಣವೇ ಸಿಗಲಿಲ್ಲ. ಊರಲ್ಲಿ ನೆಟ್ ಕಡಿಯಬಾರದೆಂದು ಹೊರಟವಳು ತಾನೇ. ಅದೀಗ ಕಡಿಯುತ್ತಿರಲಿಲ್ಲ.

ಮರುದಿನ ಮುಸ್ತಕೀಮ ಏಣಿ ತಂದ. “ವೈರ್ ಬಿಚ್ಚಿದ್ರ ಆಳಂದದಾಗ ಯಾರರ ತಗೋತಾರ.”

“ಬಿಚ್ಚಬ್ಯಾಡ್ರಿ,” ಎಂದಳು ಫರಹೀನ. “ಅದು ಹೋತಂದ್ರ ಅಂವ ಮತ್ತ ಮೊದಲಿನಂಗ ಆಗ್ತಾನ.”

“ಊರ ಕಾಯಾಕ ನಾವೇ ಬೇಕೇನ?”

ಆಳಂದದ ಟ್ಯೂಷನ್ ಕ್ಲಾಸಿನವರು ಪಾಠ ಹೇಳಲು ಫರಹೀನಳನ್ನು ಕರೆದಿದ್ದರು. ಬುರ್ಖಾ ಹಾಕಿಕೊಂಡು ಬಸ್ಸಿಗೆ ನಡೆದಳು. ಮುಸ್ತಕೀಮ ಏಣಿ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದ, ಹತ್ತಲೂ ಇಲ್ಲ, ಒಳಗಿಡಲೂ ಇಲ್ಲ.