ಎರವಲು ತಂದ ಅಜ್ಜ

ಮುಂದೇನು ಮಾಡುತ್ತೀಯ ಎಂದು ಯಾರು ಕೇಳಿದರೂ ‘ಆಮೇಲೆ ನೋಡೋಣ’ ಎನ್ನುತ್ತಿದ್ದುದರಿಂದ ಕಾಲೇಜಿನಲ್ಲಿ ಅವಳಿಗೆ ‘ಆಮೇಲೆ’ ಎಂದೇ ಹೆಸರು ಬಿದ್ದಿತ್ತು. ಮೊದಲ ವರ್ಷ ಅದು ತಮಾಷೆಯಾಗಿತ್ತು. ಕೊನೆಯ ವರ್ಷದ ಹೊತ್ತಿಗೆ ಹಾಗೆ ಕರೆದಾಗಲೆಲ್ಲ ಚುಚ್ಚತೊಡಗಿತು. ಜೊತೆಯವರು ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದಾಗಿತ್ತು. ಲಿಫ್ಟ್ ರಿಪೇರಿ ಮಾಡುವ ಅವಳಪ್ಪ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ ಮಾತು: ಕಂಡದ್ದಕ್ಕೆಲ್ಲ ಅರ್ಜಿ ಹಾಕು, ಯಾವುದಾದರೂ ಒಂದು ಬಾಗಿಲು ತೆರೆಯುತ್ತದೆ. ಅವಳು ಹಾಕುತ್ತಿದ್ದಳು. ಯಾವ ಬಾಗಿಲು ತೆರೆದರೆ ಖುಷಿಯಾದೀತು ಎಂಬುದು ಮಾತ್ರ ಅವಳಿಗೇ ತಿಳಿದಿರಲಿಲ್ಲ.

ಹಾಸ್ಟೆಲಿನಲ್ಲಿ ಅವಳ ಕೋಣೆಯ ಜೊತೆಗಾತಿ ಗುಬ್ಬಿ. ಆಳು ಚಿಕ್ಕದು, ಹಟ ದೊಡ್ಡದು. ಪಾರ್ಶ್ವವಾಯು ಬಡಿದು ಮಾತು ನಿಂತವರಿಗೆ ಮತ್ತೆ ಮಾತು ಕಲಿಸುವ ಕೆಲಸವೇ ಬೇಕು ಎಂದು ಗುಬ್ಬಿ ಚಿಕ್ಕಂದಿನಲ್ಲೇ ನಿರ್ಧರಿಸಿದ್ದಳು. ಅವಳ ಅಜ್ಜನಿಗೆ ಹಾಗೇ ಆಗಿತ್ತು. ಅವರಿಗೆ ಏನು ಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದಾದಾಗ, ಈ ಪುಟ್ಟ ಮೊಮ್ಮಗಳು ಸ್ಲೇಟಿನ ಮೇಲೆ ಲೋಟ, ಹೊದಿಕೆ, ಕಿಟಕಿಗಳ ಚಿತ್ರ ಬರೆದು ಮುಂದೆ ಹಿಡಿಯುತ್ತಿದ್ದಳಂತೆ. ಅಜ್ಜ ಬೆರಳಿಟ್ಟು ತೋರಿಸುತ್ತಿದ್ದರಂತೆ. ಸಾಯುವ ಮುಂಚೆ ಅವರಿಗೆ ಮರಳಿ ಬಂದದ್ದು ಒಂದೇ ಪದ: ಕಿಟಕಿ.

ಊರಿನ ದೊಡ್ಡಾಸ್ಪತ್ರೆಯ ಮಾತಿನ ಚಿಕಿತ್ಸಾ ವಿಭಾಗದವರು ತರಬೇತಿಗೆ ಒಬ್ಬರನ್ನು ಆರಿಸಲು ಕಾಲೇಜಿಗೆ ಬರುತ್ತಾರೆಂದಾಗ ಇಬ್ಬರೂ ಹೆಸರು ಕೊಟ್ಟರು. ಹಿಂದಿನ ಸಂಜೆ ಗುಬ್ಬಿ ಕನ್ನಡಿಯ ಮುಂದೆ ನಿಂತು ಅಜ್ಜನ ಕಥೆಯನ್ನು ಹೇಳಿ ಹೇಳಿ ಅಭ್ಯಾಸ ಮಾಡಿದಳು. ಎಲ್ಲಿ ಗಂಟಲು ಕಟ್ಟುತ್ತದೋ ಅಲ್ಲಿ ನಿಲ್ಲಿಸಿ, ನೀರು ಕುಡಿದು, ಮತ್ತೆ ಹೇಳಿದಳು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ‘ಆಮೇಲೆ’, ಇದು ಚೆನ್ನಾಗಿದೆ, ಇದು ಉದ್ದವಾಯಿತು ಎಂದು ತಿದ್ದುತ್ತಿದ್ದಳು.

ಮರುದಿನ ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಕೇಳುತ್ತಿದ್ದವರು ವಿಭಾಗದ ಮುಖ್ಯಸ್ಥೆ, ನರೆತ ಕೂದಲಿನ ಡಾಕ್ಟರಮ್ಮ. ಈ ಕೆಲಸವೇ ಯಾಕೆ ಎಂಬುದು ಅವರ ಪ್ರಶ್ನೆ. ಆಮೇಲೆಯ ಸರದಿ ಗುಬ್ಬಿಗಿಂತ ಮೊದಲು ಬಂತು. ಎದ್ದು ನಿಂತಳು. ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿಯಾಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ, ‘ಆಮೇಲೆ ಹೇಳ್ತಾಳೆ’ ಎಂದರು. ನಗು ಹರಡಿತು. ಕಿವಿ ಬಿಸಿಯಾದವು. ಆಗ ಬಾಯಿಂದ ಬಂದದ್ದು, “ನಮ್ಮ ಅಜ್ಜನಿಗೆ ಪಾರ್ಶ್ವವಾಯು ಆಗಿತ್ತು” ಎಂಬ ಮಾತು.

ಒಂದು ವಾಕ್ಯದಲ್ಲಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸ್ಲೇಟು, ಲೋಟ, ಹೊದಿಕೆ ಒಂದನ್ನೂ ಬಿಡದೆ ಹೇಳಿದಳು. ಗುಬ್ಬಿ ನಿಲ್ಲುತ್ತಿದ್ದ ಕಡೆಯೇ ನಿಂತಳು. ‘ಕಿಟಕಿ’ ಎನ್ನುವಾಗ ಅವಳ ಕಣ್ಣೂ ತುಂಬಿತು. ಪಕ್ಕದಲ್ಲಿ ಕೂತಿದ್ದ ಗುಬ್ಬಿ ಅವಳ ಕಡೆ ತಿರುಗಲೇ ಇಲ್ಲ. ತನ್ನ ಸರದಿ ಬಂದಾಗ ಎದ್ದು, ಈ ಕೆಲಸ ನನಗಿಷ್ಟ ಎಂದಷ್ಟೇ ಹೇಳಿ ಕೂತಳು.

ಆಯ್ಕೆಯಾದವಳು ‘ಆಮೇಲೆ’. ಗುಬ್ಬಿ ಜಗಳ ತೆಗೆಯಲಿಲ್ಲ. ದೀಪ ಆರಿಸಲಾ, ಬಟ್ಟೆ ತೆಗೆದೆಯಾ ಎನ್ನುವಷ್ಟಕ್ಕೆ ಅವರ ಮಾತು ನಿಂತಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಆಮೇಲೆಗೆ ಅನ್ನಿಸಿತು. ರಜೆಯ ನೆಪ ಮಾಡಿಕೊಂಡು ಮನೆಗೆ ಓಡಿದಳು.

ಮನೆಯಲ್ಲಿದ್ದದ್ದು ಅವಳ ನಿಜವಾದ ಅಜ್ಜ, ಅಪ್ಪನ ಅಪ್ಪ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು. ಫೋನು ಬಡಿದುಕೊಂಡರೆ ಅದು ಯಾರದೇ ಆಗಲಿ, ಮೊದಲು ಎತ್ತುವವರು ಅವರೇ. ಅವಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಒಳಗೆ ಫೋನು ಬಂತು. “ಹೌದು ತಾಯಿ, ಅವಳ ಅಜ್ಜನೇ ಮಾತಾಡ್ತಿರೋದು” ಎಂದದ್ದು ಕೇಳಿಸಿತು. ಅದಾದ ಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅಜ್ಜ ಫೋನಿನಲ್ಲಿ ಸುಮ್ಮನಿದ್ದುದನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. ಕೊನೆಗೆ ಅವರು ತಗ್ಗಿದ ದನಿಯಲ್ಲಿ, “ಅವರು ಬೇರೆ ಅಜ್ಜ ತಾಯಿ. ನಾನು ಅವಳ ತಾಯಿ ಕಡೆಯವನು” ಎಂದರು.

ಒದ್ದೆ ಚಾದರ ಕೈಯಲ್ಲಿ ಹಾಗೇ ಉಳಿಯಿತು. ಭೂಮಿ ಬಾಯಿಬಿಡಬಾರದೇ ಎನ್ನಲು ಅವಳು ನಿಂತಿದ್ದುದು ನಾಲ್ಕನೇ ಮಹಡಿಯಲ್ಲಿ.

ಅಜ್ಜ ಹೊರಗೆ ಬಂದು ಬಾಗಿಲು ಮುಂದೆ ಮಾಡಿದರು. “ಆಸ್ಪತ್ರೆಯ ಡಾಕ್ಟರಮ್ಮ. ಮನೆಯವರ ಒಪ್ಪಿಗೆ ಕೇಳಿದ್ರು. ನಾನು ಸತ್ತಿದ್ದಕ್ಕೆ ಬೇಜಾರೂ ಮಾಡ್ಕೊಂಡ್ರು” ಎಂದರು. ನಗಿಸಲು ಹೇಳಿದ್ದೋ ಏನೋ, ಆದರೆ ಅವರ ಮುಖದಲ್ಲಿ ನಗುವಿರಲಿಲ್ಲ. ಯಾರ ಮನೆಯ ಅಜ್ಜ ಎಂದು ಕೇಳಿದರು. ಗುಬ್ಬಿಯ ಅಜ್ಜ ಎಂದಳು. ಗುಬ್ಬಿ ಅವರಿಗೆ ಗೊತ್ತಿದ್ದವಳು. ಹಿಂದಿನ ರಜೆಯಲ್ಲಿ ಬಂದಾಗ ಅವರ ಬಸ್ಸಿನ ಕಥೆಗಳನ್ನೆಲ್ಲ ಎದುರು ಕೂತು ಕೇಳಿ ಹೋಗಿದ್ದಳು.

“ಟಿಕೆಟ್ ಇಲ್ದೆ ಹತ್ತಿದೋರನ್ನ ಬೇಕಾದಷ್ಟು ನೋಡಿದೀನಿ ಮಗಾ. ಪಕ್ಕದವರ ಟಿಕೆಟ್ ಕಿತ್ಕೊಂಡು ಅವರನ್ನೇ ಕೆಳಗಿಳಿಸಿದೋರನ್ನ ನೋಡಿರಲಿಲ್ಲ” ಎಂದರು. ಬಾಗಿಲು ತೆರೆಯುತ್ತ, “ನಿನ್ನ ಮಾನ ಉಳಿಸೋಕೆ ಈ ವಯಸ್ಸಲ್ಲಿ ನಾನೂ ಸುಳ್ಳು ಹೇಳಿಬಿಟ್ಟೆ” ಎಂದು ಒಳಗೆ ಹೋದರು.

ಮಗ, ಸೊಸೆಗೆ ಅವರು ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಅಪ್ಪ, ಮಗಳಿಗೆ ಕೊನೆಗೂ ದಾರಿ ಸಿಕ್ಕಿತು ಎಂದು ಬೀಗುತ್ತಿದ್ದ. ಅಜ್ಜ ತಟ್ಟೆಯಿಂದ ತಲೆ ಎತ್ತಲಿಲ್ಲ.

ಹಾಸ್ಟೆಲಿಗೆ ಮರಳಿದವಳೇ, ನಾಳೆ ಆಸ್ಪತ್ರೆಗೆ ಹೋಗಿ ನಿಜ ಹೇಳುತ್ತೇನೆ ಎಂದು ಗುಬ್ಬಿಗೆ ತಿಳಿಸಿದಳು. ಗುಬ್ಬಿ ದಿಂಬಿನ ಚೀಲ ಬದಲಿಸುತ್ತಿದ್ದಳು.

“ಹೇಳ್ಕೋ ಹೋಗು. ನನಗೋಸ್ಕರ ಅಂತ ಮಾತ್ರ ಹೋಗಬೇಡ. ಸೀಟು ಹೋಗಿದ್ದಕ್ಕೆ ನನಗೆ ಅಳು ಬರಲಿಲ್ಲ ಕಣೇ. ಕಿಟಕಿ ಅಂದಾಗ ನಿನ್ನ ಕಣ್ಣಲ್ಲಿ ನೀರು ಬಂತಲ್ಲ, ಅದು ಮರೆಯೋಕಾಗ್ತಿಲ್ಲ.”



ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕೋಣೆಯ ಮುಂದಿನ ಬೆಂಚಿನಲ್ಲಿ ಕಾಯಿಸಿದರು. ಎದುರಿಗೆ ಬಾಗಿಲು ತೆರೆದ ಸಣ್ಣ ಕೋಣೆ. ಅಲ್ಲಿ ಒಬ್ಬ ಹೆಂಗಸು ಮಗುವಿನ ಕಿವಿಗೆ ಮೆತ್ತನೆಯ ಹಿಟ್ಟಿನಂಥದ್ದನ್ನು ತುಂಬಿ, ಗಟ್ಟಿಯಾದ ಮೇಲೆ ಮೆಲ್ಲಗೆ ಬಿಡಿಸಿ ತೆಗೆದಳು. ಶ್ರವಣಯಂತ್ರ ಕೂರಿಸಲು ಕಿವಿಯ ಅಚ್ಚು. ಕಿವಿಯೊಳಗಿನ ತಿರುವುಗಳೆಲ್ಲ ಅದರ ಮೇಲೆ ಮೂಡಿದ್ದವು. ಅವಳು ಅದರ ಅಂಚನ್ನು ಚೂರು ಚೂರೇ ಉಜ್ಜುತ್ತ ಬೆಳಕಿಗೆ ಹಿಡಿದು ನೋಡುತ್ತಿದ್ದರೆ ಆಮೇಲೆಗೆ ತಾನು ಬಂದ ಕೆಲಸವೇ ಮರೆತುಹೋಯಿತು. ಒಳಗಿಂದ ಕರೆ ಬಂದಾಗ ನೆನಪಾಗಿ ಎದ್ದಳು.

ನಿಂತುಕೊಂಡೇ ಎಲ್ಲ ಹೇಳಿದಳು. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಕೇಳಿದರು. ಫೋನಿನಲ್ಲಿ ಮಾತಾಡಿದವರು ಯಾರು ಎಂದರು. ನನ್ನ ಅಜ್ಜ, ಒಬ್ಬರೇ ಅಜ್ಜ, ಎಂದಳು.

“ನಿನಗೇನು ಇಷ್ಟ?”

“ಗೊತ್ತಿಲ್ಲ ಮೇಡಂ.”

“ಅವತ್ತೂ ಅದನ್ನೇ ಹೇಳಿದ್ರೆ ನಾನೇನು ನಿನ್ನ ತಿಂದುಬಿಡ್ತಿರಲಿಲ್ಲ” ಎಂದರು. ಬೈಯಲಿಲ್ಲ, ಕೂತುಕೋ ಎನ್ನಲೂ ಇಲ್ಲ. ಮತ್ತೆ ಸಂದರ್ಶನ ಮಾಡುವುದಾಗಿ ಕಾಲೇಜಿಗೆ ತಿಳಿಸುತ್ತೇನೆ ಎಂದರು.

ಕಾಲೇಜಿಗೆ ತಿಳಿದ ಮೇಲೆ ಊರಿಗೇ ತಿಳಿದ ಹಾಗೆ. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿನಿಂದ ಒಬ್ಬೊಬ್ಬರೇ ಎದ್ದರು. ‘ನನ್ನ ಅಜ್ಜಿಯನ್ನೂ ಬೇಕಾದರೆ ತಗೋ’ ಎಂದು ಕಿಚಾಯಿಸಿದವರೂ ಇದ್ದರು. ಸುದ್ದಿ ತಿಳಿದ ಅಪ್ಪ ಅರ್ಜಿಯ ಮಾತೆತ್ತುವುದನ್ನೇ ಬಿಟ್ಟ. ಎರಡನೆಯ ಸಂದರ್ಶನದಲ್ಲಿ ಗುಬ್ಬಿ ಅಜ್ಜನ ಸುದ್ದಿ ಎತ್ತಲೇ ಇಲ್ಲವಂತೆ. ತಾನು ಓದಿದ್ದು, ಮಾಡಬೇಕೆಂದಿರುವುದು ಅಷ್ಟನ್ನೇ ಹೇಳಿದಳಂತೆ. ಆಯ್ಕೆಯಾದಳು. ಕೋಣೆಯನ್ನೂ ಬದಲಿಸಿಕೊಂಡಳು.

ಪರೀಕ್ಷೆ ಮುಗಿದ ಮೇಲೂ ಆ ಸಣ್ಣ ಕೋಣೆ ಆಮೇಲೆಯ ಕಣ್ಣಿಗೆ ಬರುತ್ತಲೇ ಇತ್ತು. ಯಾವ ಮುಖ ಹೊತ್ತು ಅಲ್ಲಿಗೆ ಹೋಗುವುದೆಂದು ದಿನ ದೂಡಿದಳು. ಕೊನೆಗೊಮ್ಮೆ ಗುಬ್ಬಿ ಇಲ್ಲದ ಹೊತ್ತು ನೋಡಿ ಹೋಗಿ, ಇದನ್ನು ಎಲ್ಲಿ ಕಲಿಸುತ್ತಾರೆ ಎಂದು ಅಚ್ಚಿನ ಹೆಂಗಸನ್ನು ಕೇಳಿದಳು. ಯಾಕೆ ಕಲಿಯಬೇಕು ಎಂದು ಆಕೆ ಕೇಳಿದಾಗ, “ನೋಡ್ತಾ ಕೂತಿದ್ದೆ. ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ” ಎಂದಳು. ಹೇಳಲು ಬೇರೆ ಕಥೆ ಇರಲಿಲ್ಲ.

ಕಲಿತಳು. ಈಗ ಅದೇ ಕಟ್ಟಡದಲ್ಲಿ ಅವಳಿಗೊಂದು ಮೇಜಿದೆ. ಯಾವುದಾದರೂ ಮಗುವಿಗೆ ಅಚ್ಚು ಒತ್ತಿ ನೋವಾದರೆ ಮೇಲಿನ ಮಹಡಿಯಿಂದ ಗುಬ್ಬಿಯೇ ಮಗುವನ್ನು ಕರೆದುಕೊಂಡು ಇಳಿದು ಬರುತ್ತಾಳೆ. ಎಲ್ಲಿ ಒತ್ತುತ್ತದೆ ಎಂದು ತೋರಿಸುತ್ತಾಳೆ, ಇವಳು ಉಜ್ಜಿ ಕೊಡುತ್ತಾಳೆ. ಈಗ ಸರಿಹೋಯಿತು ಎನ್ನುತ್ತಾಳೆ ಗುಬ್ಬಿ, ಒಮ್ಮೊಮ್ಮೆ ನಗುತ್ತಾಳೆ ಕೂಡ. ನಿಮ್ಮ ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಅವಳನ್ನು ಕೇಳುವ ಧೈರ್ಯ ಮಾತ್ರ ಆಮೇಲೆಗೆ ಇನ್ನೂ ಬಂದಿಲ್ಲ.