ಮಗನನ್ನು ತೋರಿಸುವ ಕೋಣೆ

ನಮ್ಮ ಲಾಂಡ್ರಿಯಲ್ಲಿ ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚುವ ಪದ್ಧತಿ ಇಲ್ಲ. ಒಬ್ಬರು ಎರಡು ತುದಿ ಹಿಡಿದು ಚಾಚುತ್ತಾರೆ, ಎದುರಿಗಿದ್ದವರು ಇನ್ನೆರಡು ಹಿಡಿಯುತ್ತಾರೆ. ಜಗ್ಗಿ, ಕೊಡವಿ, ಹತ್ತಿರ ಬಂದು ತುದಿಗೆ ತುದಿ ಕೂಡಿಸುತ್ತಾರೆ. ಮಾತೇ ಬೇಕಾಗಿಲ್ಲ. ಎದುರಿನವರು ಚಾಚಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ.

ನನ್ನ ಮಗ ಈ ಕೆಲಸಕ್ಕೆ ಬಂದದ್ದು ಕಾಲೇಜು ಬಿಟ್ಟ ಮೇಲೆ. ಯಾರೂ ಆಡದ ಮಾತು ಅವನ ಕಿವಿಗೆ ಕೇಳಿಸತೊಡಗಿತ್ತು. ಹೋಟೆಲಿನಿಂದ ಬಂದ ಬಿಳಿ ಬಟ್ಟೆಯನ್ನು ಹೆಗಲಿಗೆ ಹೊದ್ದು, ಮಲಗಿದವರೆಲ್ಲ ಎದ್ದು ಹೋದರು, ಇನ್ನು ರಾಜ್ಯ ನಮ್ಮದೇ ಅನ್ನುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲೂ ದೊರೆಯಾದ. ತಲೆಯೊಳಗಿನ ಗದ್ದಲ ಹೆಚ್ಚಾದ ದಿನ ತಾನೇ ಒಂದು ಬಟ್ಟೆ ಎತ್ತಿಕೊಂಡು ಬಂದು ನನ್ನೆದುರು ಚಾಚುತ್ತಿದ್ದ. ನಾನು ಹಿಡಿಯುತ್ತಿದ್ದೆ. ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ನೋಡನೋಡುತ್ತ ಅವನ ಉಸಿರು ಹದಕ್ಕೆ ಬರುತ್ತಿತ್ತು.

ಮಾತ್ರೆ ಮುಗಿದಿತ್ತು. ಮನಸ್ಸಿನ ಕಾಯಿಲೆಯ ಆಸ್ಪತ್ರೆಯವರು ಡಾಕ್ಟರಿಲ್ಲ, ಮುಂದಿನ ತಿಂಗಳು ಬನ್ನಿ ಎಂದು ಕಳಿಸಿದ್ದರು. ಒಂದು ಮಧ್ಯಾಹ್ನ ನಾನು ಹೋಟೆಲಿಗೆ ಬಟ್ಟೆ ಗಂಟು ಕೊಡಲು ಹೋಗಿದ್ದಾಗ ದೊರೆ ಬೀದಿಗೆ ಬಂದು ಕೂಗಾಡಿದ. ಯಾರೋ ಪೊಲೀಸರಿಗೆ ಫೋನು ಮಾಡಿದರು. ಒಳ್ಳೆಯದಕ್ಕೇ ಮಾಡಿರಬೇಕು. ಕರೆಯಲು ಬೇರೆ ಯಾರಿದ್ದರು?

ಆಮೇಲಿನದನ್ನು ಎದುರಿನ ಕ್ಷೌರದಂಗಡಿಯವನು ತನ್ನ ಗಾಜಿನ ಬಾಗಿಲ ಹಿಂದೆ ನಿಂತು ಕಂಡ. ಇಬ್ಬರು ಪೊಲೀಸರು ಗದರಿದರಂತೆ. ದೊರೆ ಒಳಗೆ ಹೋಗಿ ಬೆಡ್‌ಶೀಟು ತಂದನಂತೆ. ಎರಡು ತುದಿ ಹಿಡಿದು ಅವರೆದುರು ಚಾಚಿ ನಿಂತನಂತೆ. ಏನೋ ಹೇಳಿದ, ಅದು ಕ್ಷೌರದವನಿಗೆ ಕೇಳಿಸಲಿಲ್ಲ. ಅವರು ಹಿಡಿಯಲಿಲ್ಲ. ಇವನು ಇನ್ನಷ್ಟು ಹತ್ತಿರ ಹೋದ. ಲಾಠಿ ಬಿತ್ತು, ತಲೆ ಮೆಟ್ಟಿಲ ಕಲ್ಲಿಗೆ ಬಡಿಯಿತು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಖಕ್ಕೆ ಬಟ್ಟೆ ಮುಚ್ಚಿ ಉಸಿರುಗಟ್ಟಿಸಲು ಬಂದ ಎಂದು ಠಾಣೆಯವರು ಬರೆದುಕೊಂಡರು. ಕ್ಷೌರದವನು ಸಾಕ್ಷಿ ಹೇಳಲು ಹೆದರಿದ. ಮಕ್ಕಳೊಂದಿಗ, ನಾನೂ ಬಲವಂತ ಮಾಡಲಿಲ್ಲ. ಆದರೆ ಪೊಲೀಸರ ಎದೆಯ ಮೇಲೊಂದು ಕ್ಯಾಮೆರಾ ಇತ್ತು. ಅದರಲ್ಲಿ ಎಲ್ಲ ಉಳಿದಿದೆ.

ಎಲ್ಲ ಎಂದರೆ ಅವನೂ. ಫೋಟೋ ತೆಗೆಯಲು ಯಾರಾದರೂ ಫೋನು ಎತ್ತಿದರೇ ದೊರೆಗೆ ಹೆದರಿಕೆ, ತನ್ನನ್ನು ಅದರೊಳಗೆ ಹಿಡಿದಿಡುತ್ತಾರೆ ಎಂದು. ಮನೆಯಲ್ಲಿ ಎರಡು ಫೋಟೋ ಇವೆ ಅಷ್ಟೆ. ಮುಖ ಮರೆಯುವುದಿಲ್ಲ. ದನಿ ಮಾತ್ರ ಒಗೆದೊಗೆದು ತೆಳ್ಳಗಾದ ಬಟ್ಟೆಯ ಹಾಗೆ ಸವೆಯುತ್ತ ಬಂತು. 'ಅಮ್ಮ' ಎಂದು ಅವನು ಕರೆದ ಹಾಗೆ ನಾನೇ ಕರೆದು ನೋಡುತ್ತೇನೆ, ಅದು ನನ್ನ ದನಿಯೇ ಆಗುತ್ತದೆ.

ಆ ಕ್ಯಾಮೆರಾದಲ್ಲಿರುವುದನ್ನು ತೋರಿಸಿ ಎಂದು ಪ್ರತಿ ಸೋಮವಾರ ಠಾಣೆಗೆ ಹೋಗತೊಡಗಿದೆ. ಹಾಗೆ ಪರಿಚಯವಾದವನು ಬಸ್ ಡ್ರೈವರ್. ಅವನ ಮಗಳೂ ನನ್ನ ದೊರೆಯಂತೆಯೇ, ಅದೇ ಠಾಣೆಯವರ ಕೈಯಲ್ಲಿ ಹೋದವಳು. ನಗರಸಭೆಯಲ್ಲಿ ನಮ್ಮಂಥವರ ಅಹವಾಲು ಕೇಳುವ ದಿನ ಅವನು ತಪ್ಪದೆ ಬರುತ್ತಾನೆ, ಎದ್ದು ನಿಲ್ಲುತ್ತಾನೆ, ಏನೂ ಹೇಳದೆ ಕೂರುತ್ತಾನೆ. ಯಾಕಪ್ಪ ಎಂದು ಕೇಳಿದ್ದಕ್ಕೆ ಒಂದು ದಿನ ಹೇಳಿದ.

"ಎಲ್ಲೂ ಮಾತಾಡಲ್ಲ ಅಂತ ಬರ್ಕೊಟ್ಟು ಮಗಳ ವಿಡಿಯೋ ಒಂದ್ಸಲ ನೋಡ್ದೆ ಅಕ್ಕ. ಬಾಯಿಗೆ ನಾನೇ ಬೀಗ ಹಾಕ್ಕೊಂಡೆ. ಆದ್ರೂ ನೋಡ್ಬಾರ್ದಿತ್ತು ಅನ್ನಕ್ಕೆ ನಾಲಿಗೆ ಬರಲ್ಲ."

ಹಾಗೆ ಬರೆದುಕೊಟ್ಟು ನೋಡಲು ಠಾಣೆಯಿಂದ ನನಗೂ ಕರೆ ಬಂತು. ಹೊಸ ಇನ್‌ಸ್ಪೆಕ್ಟರು, ಮಾತು ಮೃದು. ಕೂರಿಸಿ, ನೀರು ಕೊಟ್ಟು, ಕಾಗದವನ್ನು ತಾವೇ ಓದಿ ಹೇಳಿದರು. ನಾನು ಅಷ್ಟಾಗಿ ಓದಿದವಳಲ್ಲ, ಆದರೆ ತಿಳಿಯಿತು. ನೋಡಿದ ಮೇಲೆ ಸಭೆಯಲ್ಲಿ ಹೇಳುವಂತಿಲ್ಲ, ಪತ್ರಿಕೆಯವರಿಗೆ ಹೇಳುವಂತಿಲ್ಲ. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ಪರದೆ. ಪರದೆಯ ಮೇಲೆ ಚಿತ್ರ ನಿಂತಿತ್ತು. ನನಗೆ ಕಂಡದ್ದು ಬಿಳಿ ಬಟ್ಟೆಯ ಅಂಚು ಮತ್ತು ಒಂದು ಮೊಣಕೈ. ಅಂಗಿಯ ತೋಳನ್ನು ಅಷ್ಟು ಅಡ್ಡಾದಿಡ್ಡಿ ಮಡಚಿಕೊಳ್ಳುವವನು ನನ್ನ ಮಗನೊಬ್ಬನೇ.

"ದನಿ ಇದ್ಯಾ ಅದ್ರಲ್ಲಿ?" ಎಂದು ಕೇಳಿದೆ.

"ಇದೆ ಅಮ್ಮ. ಸ್ಪಷ್ಟವಾಗಿ ಕೇಳ್ಸತ್ತೆ."

ಪೆನ್ನು ಹಿಡಿದು ಹೆಸರಿನ ಮೊದಲ ಅಕ್ಷರ ಬರೆದೂ ಬಿಟ್ಟೆ. ಎರಡನೆಯದಕ್ಕೆ ಕೈ ಏಳಲಿಲ್ಲ. ಬಾಯಿ ತೆರೆದು ಮುಚ್ಚುವ ಡ್ರೈವರನ ಮುಖ ಕಣ್ಣಿಗೆ ಕಟ್ಟಿತು.

"ನಾನು ಬಾಯಿ ಮುಚ್ಕೊಂಡು ನೋಡ್ಬಿಟ್ರೆ, ನಾಳೆ ಇನ್ನೊಬ್ರ ಮಗ ಬಟ್ಟೆ ಚಾಚ್ತಾನಲ್ಲ, ಹಿಡ್ಕೊಳ್ಳಿ ಅಂತ ಯಾರು ಹೇಳ್ಬೇಕು ಸಾರ್?"

ಅವರು ಕಾಗದವನ್ನು ಮೇಜಿನ ಖಾನೆಗೆ ಸೇರಿಸಿದರು. ಯೋಚನೆ ಮಾಡಿ ನೋಡಿ ಅಮ್ಮ, ಕೋಣೆ ಎಲ್ಲೂ ಓಡಿಹೋಗಲ್ಲ ಎಂದರು. ಹೊರಗೆ ಬರುವಾಗ ಒಮ್ಮೆ ತಿರುಗಿದೆ. ಆ ಮೊಣಕೈ ಹಾಗೇ ಕಾದು ನಿಂತಿತ್ತು.

ಅದೇ ವಾರ ನಗರಸಭೆಯಲ್ಲಿ ಮಾತಾಡಿದೆ. ಬೆಡ್‌ಶೀಟು ಮಡಚುವ ರೀತಿಯಿಂದಲೇ ಶುರು ಮಾಡಿದೆ, ಬೇರೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಮನಸ್ಸು ಕೆಟ್ಟವರಿಗಾಗಿ ಫೋನು ಬಂದರೆ ಆ ಕಾಯಿಲೆ ಬಲ್ಲ ನರ್ಸು ಮೊದಲು ಬರಲಿ, ಲಾಠಿ ಹಿಂದೆ ನಿಲ್ಲಲಿ ಎಂದೆ. ಮಾತ್ರೆ ಮುಗಿದವರನ್ನು ತಿಂಗಳುಗಟ್ಟಲೆ ಕಾಯಿಸಬೇಡಿ ಎಂದೆ. ಕ್ಯಾಮೆರಾದಲ್ಲಿರುವುದನ್ನು ಎಲ್ಲರಿಗೂ ತೋರಿಸಿ ಎಂದೆ. ಒಬ್ಬ ಸದಸ್ಯರು, ನೀವೇ ಅದನ್ನು ನೋಡಿಲ್ಲವಲ್ಲ, ಮತ್ತೆ ಹೇಗೆ ಇಷ್ಟು ಹೇಳುತ್ತೀರಿ ಎಂದು ಕೇಳಿದರು.

"ಅದಕ್ಕೇ ಸ್ವಾಮಿ, ತೋರ್ಸಿ ಅಂತಿರೋದು. ಎಲ್ರ ಜೊತೆ ಕೂತು ನಾನೂ ನೋಡ್ತೀನಿ."

ಕೆಲವರು ನಕ್ಕರು. ಡ್ರೈವರ್ ನಗಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ನರ್ಸಿನ ವಿಷಯ ಬರೆದುಕೊಂಡರು. ಕ್ಯಾಮೆರಾದ ವಿಷಯ ಕಾನೂನಿನವರನ್ನು ಕೇಳಬೇಕಂತೆ.

ಕೇಳುತ್ತಲೇ ಇದ್ದಾರೆ. ನಾನು ಈಗಲೂ ಸೋಮವಾರ ಠಾಣೆಗೆ ಹೋಗುತ್ತೇನೆ. ಒಳಗೆ ಕರೆಯುವುದಿಲ್ಲ, ಹೊರಗೆ ಹಾಕುವುದೂ ಇಲ್ಲ. ಆ ಕೋಣೆಯ ಗೋಡೆಗೆ ತಾಗಿದ ಬೆಂಚಿನ ಮೇಲೆ ಕೂರುತ್ತೇನೆ. ಬೆನ್ನಿಗೆ ಗೋಡೆ ತಣ್ಣಗೆ ತಟ್ಟುತ್ತದೆ. ಆಚೆ ಕಡೆ ದೊರೆ ಬಟ್ಟೆ ಚಾಚಿಕೊಂಡು ಏನೋ ಹೇಳುತ್ತಿದ್ದಾನೆ. ಅಕ್ಕಪಕ್ಕದವರ ಮಾತು ನಿಂತಾಗ ಒಳಗೆ ಒಂದು ಗಂಡು ದನಿ ಕೇಳಿದರೆ ಕಿವಿಯನ್ನು ಗೋಡೆಗೆ ಹಚ್ಚುತ್ತೇನೆ. ಕಾನ್‌ಸ್ಟೇಬಲ್‌ಗಳು ಊಟಕ್ಕೆ ಕೂತಿರುತ್ತಾರೆ ಅಷ್ಟೆ. ಗೊತ್ತಿದ್ದೂ, ಅವರು ಡಬ್ಬಿ ಮುಚ್ಚಿ ಏಳುವವರೆಗೆ ಕಿವಿಯನ್ನು ಗೋಡೆಯಿಂದ ತೆಗೆಯಲು ಮನಸ್ಸಾಗುವುದಿಲ್ಲ.