ಹಫೀಜನ ಗಾಡಿಯ ಸಪ್ಪಳ

ಮೆಕ್ಯಾನಿಕ್ ಹುಲಿಗೇಶನ ಕೈಗುಣ ಒಳ್ಳೆಯದು ಅಂತ ಸಿಂಧನೂರಿನವರೆಲ್ಲ ಹೊಗಳುತ್ತಾರೆ. ಹೊಗಳಲಿ. ನನ್ನ ಮನೆಗೆ ಮುಳುವಾದದ್ದು ಆ ಕೈಗುಣವೇ.

ನನ್ನ ಗಂಡ ಹಫೀಜ್ ಹೋದ ಬೇಸಿಗೆಯಲ್ಲಿ ಕಾಲುವೆಯಲ್ಲಿ ಮುಳುಗಿ ತೀರಿಕೊಂಡ. ಜವಳಗೇರಾದ ಮನೆಯಲ್ಲಿ ಉಳಿದದ್ದು ನಾನು, ಮಾವ ಇಮಾಮ್‌ಸಾಬ್, ಹಫೀಜನ ಹಳೆಯ ಮೋಟಾರ್‌ಸೈಕಲ್. ಮಾವನಿಗೆ ಕಣ್ಣು ಹೋಗಿ ಬಹಳ ಕಾಲವಾಯಿತು. ಈಗ ನೆನಪೂ ನಿಲ್ಲುವುದಿಲ್ಲ. ಮಗ ಸತ್ತ ಅಂದೆ, ಎದೆ ಬಡಿದುಕೊಂಡು ಅತ್ತರು. ಬೆಳಗಾಗುವಷ್ಟರಲ್ಲಿ ಮರೆತು, "ಹಫೀಜ್ ಬಂದಾನೇನವ್ವಾ?" ಅಂದರು. ಮತ್ತೆ ಹೇಳಿದೆ, ಮತ್ತೆ ಹೊಸದಾಗಿ ಅತ್ತರು. ಒಬ್ಬ ಮಗನನ್ನು ಎಷ್ಟು ಸಲ ಮಣ್ಣು ಮಾಡಿಸಲಿ? ಹೇಳುವುದನ್ನೇ ಬಿಟ್ಟೆ. ಆದರೆ ಮಗ ಮನೆಗೆ ಬರದೆ ಅವರು ರಾತ್ರಿ ತುತ್ತು ಮುಟ್ಟುತ್ತಿರಲಿಲ್ಲ.

ಒಂದು ಸಂಜೆ, ಗಾಡಿ ನಿಂತಲ್ಲೇ ಕೆಟ್ಟೀತೆಂದು ನಾನೇ ಅಂಗಳದಲ್ಲಿ ಕಿಕ್ ಹೊಡೆದೆ. ಅದರ ಸಪ್ಪಳ ಓಣಿಗೆಲ್ಲ ಗೊತ್ತು: ಗುಡುಗುಡು ಅಂದು, ನಡುವೆ ಬಿಕ್ಕಿ, ಇನ್ನೇನು ನಿಂತಿತು ಅನ್ನುವಾಗ ಮತ್ತೆ ಉಸಿರು ಹಿಡಿಯುತ್ತಿತ್ತು. ಒಳಗಿನಿಂದ ಮಾವ, "ಬಂದ ನೋಡು ನಮ್ಮ ನವಾಬ. ರೊಟ್ಟಿ ಹಾಕವ್ವಾ," ಅಂದರು.

ಅಂದಿನಿಂದ ದಿನಾ ಸಂಜೆ ಗಾಡಿ ಚಾಲೂ ಮಾಡುತ್ತಿದ್ದೆ. "ಕೈಕಾಲು ತೊಳಕೊಂಡು ಬರ್ತಾರ, ನೀವು ಉಣ್ರಿ ಅಬ್ಬಾ," ಅನ್ನುತ್ತಿದ್ದೆ. ಉಂಡು ಮಲಗುತ್ತಿದ್ದರು. ಸುಳ್ಳೇ ಇರಲಿ, ಹೊಟ್ಟೆ ತುಂಬುತ್ತಿತ್ತು.

ಮಳೆಗಾಲ ಮುಗಿಯುವಾಗ ಗಾಡಿ ಚಾಲೂ ಆಗಲೇ ಇಲ್ಲ. ಸಿಂಧನೂರಿನ ಮೆಕ್ಯಾನಿಕ್ ಹುಲಿಗೇಶ ಹಫೀಜನ ಜೀವದ ಗೆಳೆಯ. ಬಂದು ನೋಡಿ, "ಕಾರ್ಬೊರೇಟರ್‌ನಾಗ ಪೆಟ್ರೋಲ್ ಅಂಟಾಗೈತಿ ಭಾಭಿ," ಅಂತ ಒಯ್ದ. ಚಾಲೂ ಆದರೆ ಸಾಕು ಅಂದೆ. ಯಾಕೆಂದು ಹೇಳಲು ನಾಚಿಕೆಯಾಯಿತು.

ವಾಪಸ್ ತಂದಾಗ ಅವನ ಮುಖ ಅರಳಿತ್ತು. ಕಾರ್ಬೊರೇಟರ್ ಪೂರಾ ಬಿಚ್ಚಿ ತೊಳೆದು, ಒಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್, ಸೂಜಿ ಎರಡನ್ನೂ ಹೊಸವು ಹಾಕಿದ್ದ. ಗೆಳೆಯನ ಗಾಡಿಯಲ್ಲವೇ, ಒಂದು ರೂಪಾಯಿ ಮುಟ್ಟಲಿಲ್ಲ. ಕಿಕ್ ಹೊಡೆದ. ಗಾಡಿ ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಓಡಿತು.

ಒಳಗಿನಿಂದ ಮಾವ, "ಯಾರೋ ಬಂದಾರ ನೋಡವ್ವಾ, ನೀರು ಕೊಡು," ಅಂದರು.

ಅಂದು ರೊಟ್ಟಿ ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ನಾಚಿಕೆ ಬಿಟ್ಟು ಹುಲಿಗೇಶನನ್ನು ಕರೆಸಿ ಎಲ್ಲ ಹೇಳಿದೆ. "ಮೊದಲಿನಂಗ ಮಾಡಿಕೊಡು ಅಣ್ಣಾ."

ಅವನ ಮುಖ ಕಪ್ಪಿಟ್ಟಿತು. ಕಾರ್ಬೊರೇಟರ್‌ಗೆ ಗಾಳಿ ಹೆಚ್ಚುಕಡಿಮೆ ಮಾಡುವ ಸ್ಕ್ರೂ ಬಿಚ್ಚುವ ಮುಂಚೆ ಅದು ಎಷ್ಟು ಸುತ್ತು ಸಡಿಲಿತ್ತೆಂದು ಎಣಿಸಿಟ್ಟುಕೊಳ್ಳುವುದು ಮೆಕ್ಯಾನಿಕ್‌ಗಳ ಪದ್ಧತಿಯಂತೆ. "ಎಣಿಸ್ಲಿಲ್ಲ ಭಾಭಿ. ತಪ್ಪಿದ್ದದ್ದನ್ನ ಯಾರು ಎಣಿಸ್ತಾರ? ಸರಿ ಮಾಡಿಸ್ಕೋ ಅಂತ ಎಷ್ಟು ಬೈದೀನಿ ಅವಂಗ. ಮಾಡಿಸ್ಲೇ ಇಲ್ಲ." ಸವೆದ ಸೂಜಿ, ಜೆಟ್ ಆಗಲೇ ಗುಜರಿಗೆ ಹೋಗಿದ್ದವು.

ಅಂಗಳದಲ್ಲಿ ಕೂತು ಸ್ಕ್ರೂ ಆಚೆ ಈಚೆ ತಿರುಗಿಸತೊಡಗಿದ. ಗಾಡಿ ಕೆಮ್ಮಿತು, ಹೊಗೆ ಕಾರಿತು, ಚೀರಿತು. ಮೊದಲಿನ ಹಾಗೆ ಬಿಕ್ಕಲಿಲ್ಲ. ತಾನೇ ಸರಿಮಾಡಿದ್ದನ್ನು ಕೆಡಿಸುತ್ತ ಅವನು ಅಳುತ್ತಿದ್ದ. ನನ್ನ ಸಿಟ್ಟು ಅವನ ಮೇಲೋ ನನ್ನ ಮೇಲೋ ನನಗೇ ತಿಳಿಯಲಿಲ್ಲ.

ಮಾವ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದರು.

"ನಿಶಾತ್, ಗಾಡಿ ಬಂದ್ ಮಾಡು ಅಂತ ಹೇಳವ್ವಾ ಅವರಿಗೆ. ಹಫೀಜ್ ಬರೋ ಹೊತ್ತಾತು. ಈ ಗದ್ದಲದಾಗ ಅವನ ಸಪ್ಪಳ ಕೇಳಂಗಿಲ್ಲ."

ಹುಲಿಗೇಶ ಗಾಡಿ ಬಂದ್ ಮಾಡಿದ. ಮಾವ ಹೊಸ್ತಿಲ ಮೇಲೆ ಕೂತು ರಸ್ತೆಯ ಕಡೆ ಕಿವಿಯಿಟ್ಟರು. ನಾನು ಒಳಗೆ ಹೋಗಿ ರೊಟ್ಟಿಯ ಮೇಲೆ ತಾಟು ಮುಚ್ಚಿಟ್ಟೆ.